ಕಲ್ಲು ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು?



ಹಳೆಯ ಶಾಸನವೊಂದರ ಮೂಲೆ ಒಡೆದು ನಾಲ್ಕು ಅಕ್ಷರ ಹೋಗಿವೆ ಎನ್ನಿ. ಅಲ್ಲಿ ಏನಿದ್ದಿರಬಹುದೆಂದು ವಿದ್ವಾಂಸರು ಊಹಿಸಬಲ್ಲರು. ಆದರೆ ಅದು ಊಹೆ ಎಂಬುದು ಓದುವವರಿಗೆ ಗೊತ್ತಾಗಲೇಬೇಕು. ಗ್ರೀಕ್, ಲ್ಯಾಟಿನ್ ಶಾಸನಗಳಿಗೆ 1931ರಲ್ಲಿ ಲೈಡನ್ ನಗರದಲ್ಲಿ ಸೇರಿದ ವಿದ್ವಾಂಸರು ಗುರುತುಗಳನ್ನು ಗೊತ್ತುಮಾಡಿಕೊಂಡರು: ಊಹಿಸಿ ತುಂಬಿದ್ದಕ್ಕೆ ಚೌಕ ಆವರಣ, ಸವೆದು ಅನುಮಾನವಾದ ಅಕ್ಷರದ ಕೆಳಗೆ ಚುಕ್ಕಿ.

ಕಂಪ್ಯೂಟರಿಗೆ ಶಾಸನ ತುಂಬಿಸಲು ‘ಎಪಿಡಾಕ್’ ಎಂಬ ಪದ್ಧತಿ ಇದೆ. ಪಠ್ಯದ ಭಾಗಗಳಿಗೆ ಟ್ಯಾಗ್ ಎಂಬ ಹೆಸರುಪಟ್ಟಿ ಹಚ್ಚುವ ಅದರ ಎಕ್ಸ್‌ಎಂಎಲ್ ಕಡತದಲ್ಲಿ ಈ ಆವರಣ, ಚುಕ್ಕಿಗಳನ್ನು ಹಾಕುವುದಿಲ್ಲ. ಊಹಿಸಿದ ಅಕ್ಷರಗಳ ಹಿಂದೆ ಮುಂದೆ ‘ಸಪ್ಲೈಡ್’ ಎಂಬ ಟ್ಯಾಗ್, ಜೊತೆಗೆ ಕಾರಣ: ‘ಲಾಸ್ಟ್’. ಅನುಮಾನದ ಅಕ್ಷರಕ್ಕೆ ‘ಅನ್‌ಕ್ಲಿಯರ್’. ಯಾವುದು ಏನು ಎಂಬುದಷ್ಟೇ ಅಲ್ಲಿ ದಾಖಲು. ಹೇಗೆ ಕಾಣಬೇಕೆಂಬ ಮಾತೇ ಇಲ್ಲ.

ಅದನ್ನು ಹೇಳುವುದು ಸ್ಟೈಲ್‌ಶೀಟ್. ಬಣ್ಣ, ಅಳತೆ ನೋಡಿಕೊಳ್ಳುವ ಸಿಎಸ್‌ಎಸ್ ಅಲ್ಲ, ದತ್ತಾಂಶವನ್ನೇ ವೆಬ್ ಪುಟವಾಗಿ ಮಾರ್ಪಡಿಸುವ ಎಕ್ಸ್‌ಎಸ್‌ಎಲ್‌ಟಿ. ಜೇಮ್ಸ್ ಕ್ಲಾರ್ಕ್ ಸಂಪಾದಿಸಿದ ಇದರ ಮೊದಲ ಆವೃತ್ತಿ 1999ರ ನವೆಂಬರಿನಲ್ಲಿ ಬಂತು. ಇದರಲ್ಲಿ ಬರೆಯುವುದು ನಿಯಮಗಳನ್ನು. ‘ಸಪ್ಲೈಡ್’ ಸಿಕ್ಕಿದರೆ ಚೌಕ ಆವರಣ ತೆರೆ, ಒಳಗಿರುವುದಕ್ಕೆ ಅದರದರ ನಿಯಮ ಹಚ್ಚು, ಆವರಣ ಮುಚ್ಚು. ಆ ನಡುವಿನ ಮಾತಿನಲ್ಲೇ ಇದರ ಶಕ್ತಿಯೆಲ್ಲ ಇದೆ. ಊಹಿಸಿದ ಭಾಗದೊಳಗೆ ಬಿಡಿಸಿ ಬರೆದ ಸಂಕ್ಷೇಪವೊಂದು ಇದ್ದರೂ ಸರಿಯೇ, ಒಂದು ನಿಯಮ ಇನ್ನೊಂದನ್ನು ಕರೆಯುತ್ತ ಪದರ ಪದರವಾಗಿ ಒಳಗಿಳಿಯುತ್ತದೆ. ಸಂಪಾದಕರು ಮೊದಲೇ ಎಲ್ಲವನ್ನೂ ಲೆಕ್ಕಹಾಕಿ ಇಡಬೇಕಿಲ್ಲ.

ಈಗ ಇನ್ನೊಂದು ಸ್ಟೈಲ್‌ಶೀಟ್ ಬರೆಯೋಣ: ‘ಸಪ್ಲೈಡ್’ ಸಿಕ್ಕಿದರೆ ಒಳಗಿರುವುದನ್ನು ಬಿಟ್ಟುಬಿಡು. ಮೂಲ ಕಡತ ಮುಟ್ಟದೆಯೇ ಕಲ್ಲಿನ ಮೇಲೆ ಉಳಿದಿರುವಷ್ಟೇ ಅಕ್ಷರಗಳ ಪುಟ ಸಿದ್ಧ. ಟರ್ಕಿಯ ಅಫ್ರೋಡಿಸಿಯಸ್ ಎಂಬ ಪ್ರಾಚೀನ ನಗರದ ಶಾಸನಗಳು 2007ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಜಾಲತಾಣಕ್ಕೆ ಬಂದದ್ದು ಹೀಗೆಯೇ. ವಿದ್ವಾಂಸರು ತುಂಬಿಸಿದ ಪಾಠವನ್ನೂ ನೋಡಬಹುದು, ಕಲ್ಲಿನಲ್ಲಿ ಕಂಡಷ್ಟನ್ನೂ ನೋಡಬಹುದು. ನನಗೆ ಇದು ಬಹಳ ದೊಡ್ಡ ಪ್ರಾಮಾಣಿಕತೆ ಎನಿಸುತ್ತದೆ. ಅಂದವಾದ ಪುಟ ಮಾಡುವ ಭರದಲ್ಲಿ ಅನುಮಾನಗಳು ಅಳಿಸಿಹೋಗುವುದೇ ಹೆಚ್ಚು; ಇಲ್ಲಿ ಅವು ಕಡತದಲ್ಲಿ ಭದ್ರವಾಗಿವೆ. ಅಲ್ಲಿಯ ಎಕ್ಸ್‌ಎಂಎಲ್ ಕಡತವನ್ನೂ ಇಳಿಸಿಕೊಳ್ಳಬಹುದು. ಊಹೆ ಒಪ್ಪದವರು ತಮ್ಮ ಪಾಠ ಸೇರಿಸಿ, ತಮ್ಮದೇ ಸ್ಟೈಲ್‌ಶೀಟ್ ಬರೆದು, ಬೇರೊಂದು ಪುಟ ಹೊರಡಿಸಬಹುದು.