ಕೂಲೆಂಟು ಬದಲಿಸಿದ ಮೇಲೆ ಎಂಜಿನ್ನು ಬಿಸಿಯಾದರೆ



ಯಲಹಂಕ, ಹೆಬ್ಬಾಳದ ಸುತ್ತಿನ ಹಳ್ಳಿಗಳಲ್ಲಿ ಈಗ ಎತ್ತಿನ ಗಾಡಿ ಅಪರೂಪ. ಯಶವಂತಪುರದ ಯಾರ್ಡಿಗೆ ಮೂಟೆ ಹೋಗಬೇಕಾದರೂ, ಆರ್.ಟಿ. ನಗರಕ್ಕೆ ಸೊಪ್ಪು ತರಕಾರಿ ಮುಟ್ಟಬೇಕಾದರೂ ಕಾರೋ, ಪಿಕಪ್ಪೋ, ಟ್ರ್ಯಾಕ್ಟರೋ ಬೇಕು. ಎತ್ತಿಗೆ ನೀರು ಕುಡಿಸುವುದನ್ನು ನಾವು ಮರೆತವರಲ್ಲ. ಎಂಜಿನ್ನಿನ ನೀರು ಮಾತ್ರ ಕುದಿದು ಉಕ್ಕುವವರೆಗೆ ನೆನಪಾಗುವುದಿಲ್ಲ. ಇನ್ನು ಕೆಲವರು ಮುತುವರ್ಜಿಯಿಂದ ಕೂಲೆಂಟು ಬದಲಿಸಿಕೊಂಡು ಬರುತ್ತಾರೆ. ಎರಡು ದಿನ ಕಳೆಯುವುದರೊಳಗೆ ಹೆಬ್ಬಾಳದ ಮೇಲುಸೇತುವೆಯ ಸಾಲಿನಲ್ಲಿ ಶಾಖದ ಮುಳ್ಳು ಮೇಲೇರುತ್ತದೆ. “ಚೆನ್ನಾಗಿದ್ದ ಗಾಡಿ ಕೆಟ್ಟಿತಲ್ಲಪ್ಪ, ಎಂಜಿನ್ನು ಬಿಚ್ಚಿಸಬೇಕೇನೋ” ಅಂತ ಗಾಬರಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ. ಯಾವುದು ಉಗುರಿನ ಕೆಲಸ, ಯಾವುದು ಕೊಡಲಿಯ ಕೆಲಸ ಎಂಬುದನ್ನು ಈ ಹೊತ್ತು ತಿಳಿಯೋಣ.

ಮೊದಲು ಒಂದು ಎಚ್ಚರಿಕೆ. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬೇಡಿ. ಮಂಗಳೂರಿನಂಥ ಕಡಲ ದಂಡೆಯಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ನಮ್ಮ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿ ಬರುತ್ತದೆ. ಎಂಜಿನ್ನು ಕೆಲಸ ಮಾಡುವುದೋ ಸುಮಾರು 90 ಡಿಗ್ರಿಯಲ್ಲಿ. ನೀರು ಉಕ್ಕದಂತೆ ಮುಚ್ಚಳ ಅದನ್ನು ಒತ್ತಡದಲ್ಲಿ ಹಿಡಿದಿರುತ್ತದೆ. ಮುಚ್ಚಳ ತಿರುಗಿಸಿದಿರೋ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆದ್ದರಿಂದ ಪರೀಕ್ಷೆಯೆಲ್ಲ ಬೆಳಗ್ಗೆ, ಎಂಜಿನ್ನು ತಣ್ಣಗಿರುವಾಗಲೇ ಆಗಬೇಕು.

ಕೂಲೆಂಟು ಬದಲಿಸಿದ ಮೇಲೆ ಮೊದಲು ಅನುಮಾನಿಸಬೇಕಾದದ್ದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು. ಹೊಲದ ಪೈಪಿನಲ್ಲಿ ಗಾಳಿ ಸೇರಿದರೆ ಪಂಪು ಓಡಿದರೂ ನೀರು ಬರುವುದಿಲ್ಲ, ನೋಡಿದ್ದೀರಿ. ಇಲ್ಲಿಯೂ ಹಾಗೆಯೇ. ಮುಳ್ಳು ತಟ್ಟನೆ ಏರಿ ತಟ್ಟನೆ ಇಳಿಯುತ್ತದೆ. ಹೀಟರು ಹಾಕಿದರೆ ತಣ್ಣನೆಯ ಗಾಳಿ ಬರುತ್ತದೆ. ಇದಕ್ಕೆ ಎಂಜಿನ್ನು ಬಿಚ್ಚುವುದು ಬೇಡ. ತಣ್ಣಗಿರುವಾಗ ಕೂಲೆಂಟು ಗುರುತಿನವರೆಗೆ ಇದೆಯೇ ನೋಡಿ, ಕಡಿಮೆಯಿದ್ದರೆ ತುಂಬಿ. ಗಾಳಿ ತೆಗೆಯುವ ಕ್ರಮ ಒಂದೊಂದು ಗಾಡಿಗೆ ಒಂದೊಂದು ಬಗೆ. ಅದನ್ನು ಗಾಡಿಯ ಪುಸ್ತಕದಲ್ಲಿ ಬರೆದಿರುವಂತೆ ಮೆಕ್ಯಾನಿಕ್ಕಿನಿಂದ ಮಾಡಿಸಿ. ಮೊದಲ ಒಂದೆರಡು ದಿನ ಮಟ್ಟ ಸ್ವಲ್ಪ ಇಳಿದರೆ ಹೆದರಬೇಕಾಗಿಲ್ಲ, ಗಾಳಿ ಹೊರಟ ಜಾಗಕ್ಕೆ ನೀರು ಹೋಗಿರುತ್ತದೆ.

ದಿನವೂ ಇಳಿಯುತ್ತಿದ್ದರೆ ಅದು ಸೋರಿಕೆ. ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿ. ಬೆಳಗ್ಗೆ ಹಸಿರೋ ಕೆಂಪೋ ಬಣ್ಣದ ಹನಿ ಬಿದ್ದಿದ್ದರೆ, ಮೇಲೆ ರಬ್ಬರು ಕೊಳವೆಯ ಕ್ಲಿಪ್ಪು, ಕೆಳಗಿನ ಬಿರಟೆ, ವಾಟರ್ ಪಂಪು ಇವುಗಳನ್ನು ನೋಡಿ. ಕ್ಲಿಪ್ಪು ಸಡಿಲವಾಗಿದ್ದರೆ ಬಿಗಿಮಾಡಿದರೆ ಆಯಿತು. ಹಳೆಯ ರೇಡಿಯೇಟರಿನಲ್ಲಿ ತುಕ್ಕೇ ತೂತನ್ನು ಮುಚ್ಚಿಕೊಂಡಿರುವುದೂ ಉಂಟು. ತೊಳೆದಾಗ ತುಕ್ಕು ಹೋಗಿ ತೂತು ಬಯಲಾಗುತ್ತದೆ. ತೊಳೆದದ್ದು ತಪ್ಪಲ್ಲ, ತೂತು ಮೊದಲೇ ಇತ್ತು.

ಇನ್ನು ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿ. ನಿಂತಲ್ಲಿ ಬಿಸಿಯಾಗಿ, ಓಡುವಾಗ ತಣಿದರೆ ಫ್ಯಾನಿನ ದೋಷ. ಬಿಚ್ಚಿದ ವೈರನ್ನು ಮತ್ತೆ ಸಿಕ್ಕಿಸದೆ ಬಿಟ್ಟಿರಬಹುದು. ಟ್ರ್ಯಾಕ್ಟರಾದರೆ ಬೆಲ್ಟು ಸಡಿಲವಾಗಿರಬಹುದು. ಕೀಲಿ ತೆಗೆದ ಮೇಲೂ ಕೆಲವು ಕಾರಿನ ಫ್ಯಾನು ತಾನಾಗಿ ತಿರುಗುತ್ತದೆ, ಕೈ ಹಾಕಬೇಡಿ. ಹೊರೆ ಹೇರಿಕೊಂಡು ಓಡುವಾಗ ಬಿಸಿಯಾದರೆ ರೇಡಿಯೇಟರು ಕಟ್ಟಿರಬಹುದು, ಥರ್ಮೋಸ್ಟಾಟು ತೆರೆಯದೆ ಇರಬಹುದು, ಪಂಪು ದುರ್ಬಲವಾಗಿರಬಹುದು. ರಾಗಿ ಒಕ್ಕಣೆಯ ಕಾಲದಲ್ಲಂತೂ ಟ್ರ್ಯಾಕ್ಟರಿನ ರೇಡಿಯೇಟರಿಗೆ ಹೊಟ್ಟು ಮೆತ್ತಿಕೊಂಡಿರುತ್ತದೆ, ಮೊದಲು ಅದನ್ನು ತೆಗೆಯಿರಿ.

ಹೊರಗೆ ಒಂದು ಹನಿಯೂ ಕಾಣದೆ ಮಟ್ಟ ಇಳಿಯುತ್ತಿದೆಯೇ? ಆಗ ಎಚ್ಚರ. ಆಯಿಲು ನೋಡುವ ಕಡ್ಡಿಯನ್ನು ಎಳೆದು ನೋಡಿ. ಆಯಿಲು ಹಾಲು ಬೆರೆಸಿದ ಕಾಫಿಯಂತಾಗಿದ್ದರೆ, ಎಂಜಿನ್ನು ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಕೂಲೆಂಟಿನ ಬಾಟಲಿಯಲ್ಲಿ ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ, ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿರಬಹುದು. ಇದು ಕೊಡಲಿಯ ಕೆಲಸ. ಸಂತೆಗೆ ಹೊತ್ತಾಯಿತು ಅಂತ ಓಡಿಸಬೇಡಿ. ಎಳೆಸಿಕೊಂಡು ಹೋಗಿ ತೋರಿಸಿ. ಚಳಿಗಾಲದ ಬೆಳಗ್ಗೆ ಸ್ವಲ್ಪ ಹೊತ್ತು ಬರುವ ಬಿಳಿ ಹಬೆ ಮಾತ್ರ ಸಹಜ.

ದಾರಿಯಲ್ಲೇ ಮುಳ್ಳು ಕೆಂಪು ಗೆರೆ ಮುಟ್ಟಿದರೆ? ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ನು ನಿಲ್ಲಿಸಿ. ಮುಚ್ಚಳ, ಕೊಳವೆ ಎಲ್ಲವೂ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಕಬ್ಬಿಣ ಬಿರುಕು ಬಿಡಬಹುದು. ಒಂದು ಗಂಟೆ ತಡವಾದರೆ ಸೊಪ್ಪು ಬಾಡೀತು. ಹೆಡ್ಡು ಸೊಟ್ಟಗಾದರೆ ಒಂದು ಬೆಳೆಯ ಲಾಭವೇ ಹೋದೀತು.

ಕೊಳವೆಬಾವಿಯ ನೀರನ್ನು ತುಂಬುವ ಅಭ್ಯಾಸ ನಮ್ಮಲ್ಲಿದೆ. ಗಡಸು ನೀರು ಕಾಯಿಸಿದ ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುವುದನ್ನು ಮನೆಯ ಹೆಣ್ಣುಮಕ್ಕಳು ಬಲ್ಲರು. ಅದೇ ಪೊರೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿದರೆ ಶಾಖ ಹೊರಗೆ ಹೋಗುವುದಿಲ್ಲ. ಬಟ್ಟಿ ಇಳಿಸಿದ ನೀರನ್ನೇ ಬಳಸಿ. ಒಂದು ಬಗೆಯ ಕೂಲೆಂಟಿಗೆ ಇನ್ನೊಂದನ್ನು ಬೆರೆಸಬೇಡಿ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಬಗೆ ಒಂದೇ ಅಲ್ಲ.

ಕೊನೆಯದಾಗಿ ಒಂದು ಮಾತು. ಹಳೆಯ ಕೂಲೆಂಟು ಸಿಹಿಯಾಗಿರುತ್ತದೆ, ಆದರೆ ವಿಷ. ದನ, ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯಬಹುದು. ಮಕ್ಕಳಿಗೂ ಅಪಾಯ. ಕೊಟ್ಟಿಗೆಯ ಹತ್ತಿರ, ಕಾಲುವೆ, ಕೆರೆಗೆ ಚೆಲ್ಲಬೇಡಿ. ಡಬ್ಬದಲ್ಲಿ ಮುಚ್ಚಿಟ್ಟು, ಗ್ಯಾರೇಜಿನವರು ತೆಗೆದುಕೊಳ್ಳುವಂತಿದ್ದರೆ ಅವರಿಗೆ ಒಪ್ಪಿಸಿ.

ಮೊದಲು ಮಟ್ಟ, ಆಮೇಲೆ ಗಾಳಿ, ಆಮೇಲೆ ಸೋರಿಕೆ, ಆಮೇಲೆ ಫ್ಯಾನು. ಎಂಜಿನ್ನು ಬಿಚ್ಚುವ ಮಾತು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ನೆನಪಿಡಿ, ಗಾಡಿ ಓಡಿಸುವ ಮಕ್ಕಳಿಗೂ ಹೇಳಿಕೊಡಿ.