ಶುಶ್ರೂಷೆಯೂ ಶೌಚವೂ

 

ಈ ಮಹೋತ್ಸವದ ಸಭೆಯಲ್ಲಿ ರೋಗಿಗಳ ಶುಶ್ರೂಷೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದು ನನಗೆ ಅಪ್ಪಣೆಯಾಗಿದೆ. ವ್ಯಾಕರಣವನ್ನೋದಿದವನಿಗೆ ವೈದ್ಯದ ಮಾತೇಕೆಂದು ಯಾರಾದರೂ ಕೇಳಬಹುದು. ಆದರೆ ನನ್ನ ವಿಷಯವು ಈ ಪದದೊಳಗೇ ಅಡಗಿದೆ. ‘ಶ್ರು’ ಎಂಬ ಧಾತುವಿಗೆ ಇಚ್ಛಾರ್ಥದ ‘ಸನ್’ ಪ್ರತ್ಯಯವು ಸೇರಿ ‘ಶುಶ್ರೂಷಾ’ ಎಂದಾಗುತ್ತದೆ. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ; ಸೇವೆಯೆಂಬ ಅರ್ಥವು ಆ ಮೇಲೆ ಬಂದುದು. ಹೇಳಿದುದನ್ನು ಕೇಳಿ ನಡೆಯುವವನು ಸೇವಕನೆಂದು ಲೋಕವು ತಿಳಿಯಿತು. ಸೇವೆ ಮಾಡುವವರ ಮಾತನ್ನೂ ಉಳಿದವರು ಕೇಳಬೇಕು, ಕೇಳದಿದ್ದಲ್ಲಿ ಪ್ರಾಣಹಾನಿಯಾಗುವದು ಎಂಬುದನ್ನು ತಮ್ಮ ಮುಂದಿಡುವದೇ ನನ್ನ ಉದ್ದೇಶ.

ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸಿದೆ. ಆ ಶೌಚವು ಎಷ್ಟು ಪ್ರಾಣಗಳನ್ನು ಉಳಿಸುವದೆಂದು ಲೆಕ್ಕವಿಟ್ಟು ತೋರಿಸಿದ ಕಾರ್ಯವು ಬಹುಕಾಲದ ಮೇಲೆ ಯುರೋಪಿನಲ್ಲಿ ನಡೆಯಿತು.

ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಶಿಕ್ಷಣ ಪಡೆಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಮಡಿದರು. ಎರಡನೆಯದರಲ್ಲಿ 3ಕ್ಕೂ ಕಡಿಮೆ. ವೈದ್ಯರು ಶವಪರೀಕ್ಷೆ ಮಾಡಿದ ಕೈಗಳಿಂದಲೇ ಬಾಣಂತಿಯರನ್ನು ಮುಟ್ಟುತ್ತಿದ್ದುದೇ ಇದಕ್ಕೆ ಕಾರಣವೆಂದು ಸೆಮ್ಮೆಲ್ವೈಸ್ ಎಂಬ ವೈದ್ಯನು 1847ರಲ್ಲಿ ಕಂಡುಹಿಡಿದು, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮವನ್ನು ತಂದನು. ಮರುವರ್ಷ ಮರಣವು ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯಿತು. ಆದರೂ ಆ ಕಾಲದ ಹಿರಿಯ ವೈದ್ಯರಲ್ಲಿ ಅನೇಕರು ಅವನ ಮಾತಿಗೆ ಕಿವಿಗೊಡಲಿಲ್ಲ.

ಕೆಲವೇ ವರ್ಷಗಳಲ್ಲಿ ಕ್ರಿಮಿಯಾ ಯುದ್ಧವು ಬಂದಿತು. 1854ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹಿಳೆಯು 38 ಮಂದಿ ದಾದಿಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಅಲ್ಲಿ ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಜನ ಸಾಯುತ್ತಿದ್ದರು. 1855ರ ಮಾರ್ಚಿನಲ್ಲಿ ಸರಕಾರದ ನೈರ್ಮಲ್ಯ ಮಂಡಲಿಯವರು ಬಂದು ಚರಂಡಿಗಳನ್ನು ಶುದ್ಧಮಾಡಿಸಿ ಗಾಳಿಗೆ ದಾರಿಮಾಡಿದ ಮೇಲೆ ಮರಣಗಳು ಬಹಳ ಕಡಿಮೆಯಾದವು. ಈ ದೀಪಧಾರಿಣಿಯ ಕರುಣೆಯನ್ನು ಎಲ್ಲರೂ ಹೊಗಳುವರು. ಅವಳು ಸತ್ತವರನ್ನು ಎಣಿಸಿ, ಕಾರಣಗಳನ್ನು ವಿಂಗಡಿಸಿ, ಬಣ್ಣದ ಚಿತ್ರಗಳ ಮೂಲಕ ಅಧಿಕಾರಿಗಳಿಗೆ ಮನಗಾಣಿಸಿದುದನ್ನು ಬಲ್ಲವರು ಕಡಿಮೆ. ದಾದಿಯರ ಸಂಶೋಧನೆಗೆ ಅದೇ ತಳಹದಿ.

ಈಗ ನಮ್ಮ ಕಾಲಕ್ಕೆ ಬರೋಣ. ಅಮೇರಿಕೆಯ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಕಠಿಣ ರೋಗಿಗಳ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯ ಮೂಲಕ ಸೋಂಕು ರಕ್ತಕ್ಕೆ ಇಳಿಯುತ್ತಿತ್ತು. ಅದನ್ನು ತಡೆಯುವ ವಿಧಿಗಳು ವೈದ್ಯರಿಗೆ ತಿಳಿದೇ ಇದ್ದವು: ಕೈ ತೊಳೆಯುವದು, ರೋಗಿಯ ಚರ್ಮವನ್ನು ಔಷಧದಿಂದ ಶುದ್ಧಿಮಾಡುವದು, ಶುದ್ಧವಸ್ತ್ರವನ್ನು ಪೂರ್ಣ ಹೊದಿಸುವದು, ತೊಡೆಯ ಸಂದಿಯನ್ನು ಸಾಧ್ಯವಾದಷ್ಟು ಬಿಡುವದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವದು. ಆದರೆ ನೋಡಲಾಗಿ, ನೂರಕ್ಕೆ 62 ಸಲ ಮಾತ್ರ ನಿಯಮದಂತೆ ನಡೆಯುತ್ತಿತ್ತು. ಅರಿವಿಗೆ ಕೊರತೆಯಿರಲಿಲ್ಲ, ಆಚಾರಕ್ಕೆ ಕೊರತೆಯಿತ್ತು.

ಆಗ ವಿಧಿಗಳ ಪಟ್ಟಿಯೊಂದನ್ನು ದಾದಿಯರ ಕೈಗೆ ಕೊಟ್ಟು, ಯಾವದಾದರೊಂದು ತಪ್ಪಿದರೆ ವೈದ್ಯನನ್ನು ತಡೆಯುವ ಅಧಿಕಾರವನ್ನೂ ಕೊಟ್ಟರು. ಸಾವಿರ ನಳಿಕೆ-ದಿನಗಳಿಗೆ 1998ರ ಆರಂಭದಲ್ಲಿ 11.3ರಷ್ಟಿದ್ದ ಸೋಂಕು 2002ರ ಕೊನೆಯ ಮೂರು ತಿಂಗಳಲ್ಲಿ ಸೊನ್ನೆಗೆ ಬಂದಿತು. ಮುಂದೆ ಮಿಶಿಗನ್ ಪ್ರಾಂತದ ನೂರಕ್ಕೂ ಹೆಚ್ಚು ವಿಭಾಗಗಳಲ್ಲಿ ಇದೇ ಕ್ರಮವನ್ನು ಅನುಸರಿಸಿ ಸೋಂಕನ್ನು ಬಹಳ ಮಟ್ಟಿಗೆ ತಗ್ಗಿಸಿದರೆಂದು 2006ರಲ್ಲಿ ಪ್ರಕಟವಾಯಿತು. ಪಟ್ಟಿಯೆಂಬುದು ಕಾಗದ ಮಾತ್ರ. ‘ನಿಲ್ಲಿರಿ’ ಎನ್ನಲು ದಾದಿಗೆ ದೊರೆತ ಧೈರ್ಯವೂ, ನಿಲ್ಲಲು ವೈದ್ಯನು ಕಲಿತ ವಿನಯವೂ ಅದಕ್ಕೆ ಜೀವವನ್ನು ತುಂಬಿದವು.

ಬಂಧುಗಳೇ, ಇದು ದೂರದೇಶದ ಸುದ್ದಿಯೆಂದು ಬಿಡತಕ್ಕದ್ದಲ್ಲ. ನಮ್ಮವರು ಆಸ್ಪತ್ರೆಯಲ್ಲಿ ಮಲಗಿದರೆ ನಾವು ಹತ್ತು ಜನ ಕೂಡಿ ಹೋಗುತ್ತೇವೆ. ಬೀದಿಯ ಧೂಳಿನ ಕೈಯಿಂದಲೇ ಪ್ರಸಾದ ಕೊಡುತ್ತೇವೆ. ಹಾಸಿಗೆಯ ಮೇಲೆ ಕೂಡುತ್ತೇವೆ. ಪಕ್ಕದ ರೋಗಿಯನ್ನೂ ಮುಟ್ಟಿ ಮಾತನಾಡಿಸುತ್ತೇವೆ. ಪ್ರೀತಿಯಿಂದ ಮಾಡಿದರೂ ಸೋಂಕು ಸೋಂಕೇ. ಔಷಧಗಳಿಗೂ ಬಗ್ಗದ ರೋಗಾಣುಗಳು ಈಗ ಆಸ್ಪತ್ರೆಗಳಲ್ಲಿರುವದರಿಂದ ಈ ಎಚ್ಚರವು ಮೊದಲಿಗಿಂತ ಹೆಚ್ಚು ಅವಶ್ಯ. ಅಲ್ಲಿ ಇಪ್ಪತ್ತು ವರ್ಷದ ದಾದಿಯೊಬ್ಬಳು ‘ಅಜ್ಜಾವರೇ, ಕೈ ತೊಳೆದುಕೊಂಡು ಬನ್ನಿರಿ’ ಎಂದರೆ ನಮ್ಮ ವಯಸ್ಸು, ವಿದ್ಯೆ, ಅಂತಸ್ತು ಒಮ್ಮೆಲೇ ಎದ್ದು ನಿಲ್ಲುತ್ತವೆ. ಅವು ಕುಳಿತುಕೊಳ್ಳಲಿ. ಆ ಮಗಳು ತನ್ನ ಕಾಯಕವನ್ನು ಮಾಡುತ್ತಿದ್ದಾಳೆ. ಅವಳ ಮಾತನ್ನು ಕೇಳುವದು ನಮ್ಮ ಪಾಲಿನ ಶುಶ್ರೂಷೆ.