ಮೈಸೂರು ಬ್ಯಾಂಕಿನ ಒಡೆತನ: 1913ರಿಂದ 2017ರವರೆಗೆ

ಬ್ಯಾಂಕೊಂದರ ಒಡೆತನ ಕೈಬದಲಾದ ಬಗೆಯನ್ನು ಕಾನೂನಿನ ಪಠ್ಯವಿಟ್ಟುಕೊಂಡು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಆರಂಭದ ಸಂಗತಿಗಳು ಎಲ್ಲರಿಗೂ ತಿಳಿದವೇ. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಸಲಹೆಯಂತೆ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ ಆಶ್ರಯದಲ್ಲಿ, 1913ರ ಅಕ್ಟೋಬರ್ 2ರಂದು ಬ್ಯಾಂಕ್ ಆಫ್ ಮೈಸೂರು ಷೇರು ಬಂಡವಾಳದ ಕಂಪನಿಯಾಗಿ ಸ್ಥಾಪನೆಯಾಯಿತು; 1960ರ ಮಾರ್ಚ್‌ನಲ್ಲಿ ಅದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎನಿಸಿತು; 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು.

ವಿವಾದವಿರುವುದು ಕೊನೆಯ ಎರಡು ಘಟನೆಗಳ ಸಂಬಂಧದಲ್ಲಿ. ಒಡೆತನ 1960ರಲ್ಲಿಯೇ ಹೋದದ್ದರಿಂದ 2017ರ ವಿಲೀನ ಬರಿಯ ಔಪಚಾರಿಕತೆಯೆಂಬುದು ಒಂದು ಪಕ್ಷದ ವಾದ. ಈ ವಾದ ಅರ್ಧ ಸತ್ಯ. ಎ.ಡಿ. ಗೋರ್ವಾಲಾ ಅಧ್ಯಕ್ಷತೆಯ ಗ್ರಾಮೀಣ ಸಾಲ ಸಮೀಕ್ಷಾ ಸಮಿತಿ 1954ರಲ್ಲಿಯೇ ಇಂಪೀರಿಯಲ್ ಬ್ಯಾಂಕಿನೊಡನೆ ಮೈಸೂರಿನದೂ ಸೇರಿದಂತೆ ಸಂಸ್ಥಾನಗಳ ಬ್ಯಾಂಕುಗಳನ್ನೆಲ್ಲ ಒಂದುಗೂಡಿಸಬೇಕೆಂದು ಸೂಚಿಸಿತ್ತು. ಸಂಸತ್ತು 1955ರಲ್ಲಿ ಸ್ಟೇಟ್ ಬ್ಯಾಂಕನ್ನು ರಚಿಸಿತಾದರೂ, ಮೈಸೂರಿನ ಮಟ್ಟಿಗೆ ಆ ಸೂಚನೆಯನ್ನು ಹಾಗೆಯೇ ಒಪ್ಪದೆ, 1959ರ 38ನೆಯ ಕಾಯಿದೆಯ ಮೂಲಕ ಅಧೀನ ಬ್ಯಾಂಕೆಂಬ ಬೇರೊಂದು ವ್ಯವಸ್ಥೆಯನ್ನು ಆರಿಸಿಕೊಂಡಿತು. ಅಧೀನ ಬ್ಯಾಂಕೆಂದರೆ ಷೇರುಗಳ ಬಹುಪಾಲು, ಆಗಿನ ನಿಯಮದಂತೆ ಕನಿಷ್ಠ ಶೇ. 55, ಸ್ಟೇಟ್ ಬ್ಯಾಂಕಿನ ಕೈಯಲ್ಲಿದ್ದರೂ ತನ್ನದೇ ಆಡಳಿತ ಮಂಡಳಿ, ತನ್ನದೇ ಪ್ರಧಾನ ಕಚೇರಿ, ತನ್ನದೇ ಆಸ್ತಿ-ಹೊಣೆಗಳ ಪಟ್ಟಿ ಹೊಂದಿ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿಯಾಗಿರುವ ಸಂಸ್ಥೆ. ಪೂರ್ಣ ವಿಲೀನದ ಸಲಹೆ ಕಣ್ಣೆದುರಿಗಿದ್ದಾಗಲೇ ಶಾಸಕಾಂಗ ಬೇರೆ ದಾರಿ ಹಿಡಿದ ಮೇಲೆ, ವಿಲೀನವೇ ಆ ದಾರಿಯ ಸಹಜ ಕೊನೆಯೆಂದು ಹೇಳಲು ಆಧಾರವೇನಿದೆ?

ಎದುರು ಪಕ್ಷವೂ ಉತ್ಪ್ರೇಕ್ಷೆ ಮಾಡಿದೆ. 2017ರವರೆಗೆ ಇದು ಕನ್ನಡಿಗರ ಸ್ವತಂತ್ರ ಬ್ಯಾಂಕಾಗಿತ್ತೆಂಬ ಮಾತು, ಮೈಸೂರು ಬ್ಯಾಂಕ್ ಸರ್ಕಲ್ ಎಂಬ ಹೆಸರು ಬೆಂಗಳೂರಿನ ಜನರ ನಾಲಿಗೆಯಲ್ಲಿ ಇಂದಿಗೂ ಉಳಿದಿರುವಷ್ಟು ಗಾಢವಾದ ಅಭಿಮಾನದಿಂದ ಹುಟ್ಟಿದ್ದು. ಅಭಿಮಾನ ಗೌರವಾರ್ಹ, ಆದರೆ ಪುರಾವೆಯಲ್ಲ. ವಿಲೀನದ ವೇಳೆಗೆ ಸುಮಾರು ಶೇ. 90ರಷ್ಟು ಷೇರುಗಳು ಸ್ಟೇಟ್ ಬ್ಯಾಂಕಿನವಾಗಿದ್ದವು, ಅದರ ಅಧ್ಯಕ್ಷರೇ ಪದನಿಮಿತ್ತವಾಗಿ ಇದರ ಅಧ್ಯಕ್ಷರೂ ಆಗಿರುತ್ತಿದ್ದರು.

ಇಲ್ಲಿಯೇ 2017ರ ನಿಜವಾದ ತೊಡಕಿದೆ. ವಿಲೀನ ನಡೆದದ್ದು ಸ್ಟೇಟ್ ಬ್ಯಾಂಕ್ ಕಾಯಿದೆಯ 35ನೆಯ ಕಲಮಿನ ಅಡಿಯಲ್ಲಿ. ಅದರಂತೆ ಎರಡೂ ಆಡಳಿತ ಮಂಡಳಿಗಳು ಷರತ್ತುಗಳನ್ನು ಒಪ್ಪಿ, ರಿಸರ್ವ್ ಬ್ಯಾಂಕ್ ಅನುಮೋದಿಸಿ, ಕೇಂದ್ರ ಸರ್ಕಾರ ಮಂಜೂರಾತಿ ನೀಡಿದರೆ ಸಾಕು, ಷೇರುದಾರರ ಸಭೆಯ ಮತ ಬೇಕಿಲ್ಲ. ಕೊಳ್ಳುವವರ ಮಂಡಳಿಗೂ ಮಾರುವವರ ಮಂಡಳಿಗೂ ಅಧ್ಯಕ್ಷರು ಒಬ್ಬರೇ ಆಗಿದ್ದಾಗ, 10 ಷೇರಿಗೆ ಸ್ಟೇಟ್ ಬ್ಯಾಂಕಿನ 22 ಷೇರುಗಳೆಂಬ ವಿನಿಮಯದ ಪ್ರಮಾಣ ಎಷ್ಟೇ ನ್ಯಾಯವಾಗಿದ್ದಿರಲಿ, ಉಳಿದ ಶೇ. 10ರ ಷೇರುದಾರರಿಗೆ ಅದನ್ನು ಮತದಿಂದ ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶವಿರಲಿಲ್ಲ. ಸಂಸತ್ತು ತಾನೇ 1959ರಲ್ಲಿ ಕಟ್ಟಿದ ವ್ಯವಸ್ಥೆಯನ್ನು ಕಳಚುವ ಮುನ್ನ ಅಲ್ಲಿಯೇ ಚರ್ಚೆಯಾಗಬೇಕಿತ್ತು. ಆದರೆ ಅಧೀನ ಬ್ಯಾಂಕುಗಳ ಕಾಯಿದೆಯ ರದ್ದತಿಗೆ ಸಂಸತ್ತಿನ ಪೂರ್ಣ ಒಪ್ಪಿಗೆ ದೊರೆತದ್ದು 2018ರಲ್ಲಿ, ಬ್ಯಾಂಕು ಇಲ್ಲವಾಗಿ ವರ್ಷ ಕಳೆದ ಮೇಲೆ.